ಮಟ್ಟಿನೊಳಗಿನ ಲಯ: ಡೋನಲ್ ಲನ್ನಿ ಮತ್ತು ಮೂವಿಂಗ್ ಹಾರ್ಟ್ಸ್ ತಂಡದ ಪ್ರಕರಣ ಅಧ್ಯಯನ

1981ರಲ್ಲಿ ಡಬ್ಲಿನ್ ನಗರದಲ್ಲಿ ಏಳು ಮಂದಿ ಸೇರಿ ಕಟ್ಟಿದ ಮೂವಿಂಗ್ ಹಾರ್ಟ್ಸ್ ಎಂಬ ವಾದ್ಯತಂಡ ನಾಲ್ಕು ವರ್ಷ ಬಾಳಿ, 1985ರಲ್ಲಿ ಸಾಲದ ಹೊರೆಯೊಂದಿಗೆ ಚದುರಿಹೋಯಿತು. ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್ ಮತ್ತು ಸ್ಯಾಕ್ಸೊಫೋನ್‌ಗಳ ನಡುವೆ ಐರ್ಲೆಂಡಿನ ಸಾಂಪ್ರದಾಯಿಕ ವಾದ್ಯವಾದ ಇಲಿನ್ ಪೈಪನ್ನು ಕೂರಿಸಿ, ರಾಕ್ ಸಂಗೀತದ ಕಸುವನ್ನೂ ಹಳೆಯ ಕುಣಿತದ ಮಟ್ಟುಗಳ ಸೂಕ್ಷ್ಮವನ್ನೂ ಒಂದೇ ವೇದಿಕೆಯಲ್ಲಿ ಉಳಿಸಿಕೊಳ್ಳಲು ಅದು ಯತ್ನಿಸಿತು. ತಂಡದ ಸಂಗೀತವನ್ನು ರೂಪಿಸಿದವರಲ್ಲಿ ಮುಖ್ಯನಾದ ಡೋನಲ್ ಲನ್ನಿ ಮುಂದೆ ನಿಂತು ಹಾಡುವ ಗಾಯಕನೂ ಅಲ್ಲ, ತನಿ ನುಡಿಸಿ ಹೆಸರು ಮಾಡಿದವನೂ ಅಲ್ಲ. ಅವನದು ಮೂಲತಃ ಪಕ್ಕವಾದ್ಯದ ಕೆಲಸ. ಮಟ್ಟೊಂದೇ ಸರ್ವಸ್ವವಾಗಿರುವ ಸಂಗೀತಕ್ಕೆ ಪಕ್ಕದಲ್ಲಿ ಕುಳಿತವನು ಏನನ್ನು ಸೇರಿಸಬಹುದು, ಎಷ್ಟು ಸೇರಿಸಿದರೆ ಮಟ್ಟು ನಲುಗುತ್ತದೆ ಎಂಬುದು ಅವನ ಬಾಳಿನ ಉದ್ದಕ್ಕೂ ಹಬ್ಬಿದ ಪ್ರಶ್ನೆ. ಆ ಪ್ರಶ್ನೆ ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದದ್ದು ಮೂವಿಂಗ್ ಹಾರ್ಟ್ಸ್ ತಂಡದಲ್ಲಿ ಎಂಬ ಕಾರಣದಿಂದ ಈ ಪ್ರಕರಣವನ್ನು ಇಲ್ಲಿ ವಿವರವಾಗಿ ಪರಿಶೀಲಿಸಲಾಗಿದೆ.

ಒಂಟಿ ಮಟ್ಟಿನ ಸಮಸ್ಯೆ

ಐರಿಷ್ ಸಾಂಪ್ರದಾಯಿಕ ಸಂಗೀತದ ಬಹುಪಾಲು ಕುಣಿತಕ್ಕಾಗಿ ಹುಟ್ಟಿದ್ದು. ಜಿಗ್ ಎಂಬ ಬಗೆಯ ಕುಣಿತದ ಮಟ್ಟಿನಲ್ಲಿ ಪ್ರತಿ ಪೆಟ್ಟು ಮೂರಾಗಿ ಒಡೆದು ನಮ್ಮ ತಿಶ್ರ ನಡೆಯನ್ನು ಹೋಲುತ್ತದೆ. ರೀಲ್ ಎಂಬ ಇನ್ನೊಂದು ಬಗೆ ನಾಲ್ಕರ ನಡೆಯಲ್ಲಿ ಬಿರುಸಾಗಿ ಓಡುತ್ತದೆ. ಸ್ಲಿಪ್ ಜಿಗ್‌ನಲ್ಲಿ ಒಂಬತ್ತು ಅಕ್ಷರಗಳು ಮೂರು ಮೂರಾಗಿ ಕೂಡುತ್ತವೆ. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗಗಳಿದ್ದು, ಪ್ರತಿಯೊಂದನ್ನೂ ಎರಡು ಸಲ ನುಡಿಸಿ ಮತ್ತೆ ಮೊದಲಿಗೆ ಮರಳುವುದು ವಾಡಿಕೆ. ಪಿಟೀಲು, ಕೊಳಲು, ಪೈಪ್ ಯಾವುದೇ ಇರಲಿ, ನುಡಿಸುವವರೆಲ್ಲರೂ ಅದೇ ಒಂದು ಮಟ್ಟನ್ನು ತಮ್ಮ ತಮ್ಮ ಗಮಕಗಳೊಂದಿಗೆ ನುಡಿಸುತ್ತಾರೆ. ಷಾನ್ ನೋಸ್ ಎಂಬ ಐರಿಷ್ ಭಾಷೆಯ ಹಳೆಯ ಹಾಡುಗಾರಿಕೆಯಲ್ಲಂತೂ ಪಕ್ಕವಾದ್ಯದ ಪ್ರಸ್ತಾಪವೇ ಇಲ್ಲ. ಲಯವೆಂಬುದು ಮಟ್ಟಿನ ಹೊರಗಿನಿಂದ ಬರುವುದಲ್ಲ, ಪಿಟೀಲಿನ ಕಮಾನು ಎಲ್ಲಿ ತಿರುಗುತ್ತದೆ, ಕೊಳಲಿನವನು ಎಲ್ಲಿ ಉಸಿರೆಳೆಯುತ್ತಾನೆ ಎಂಬುದರಲ್ಲೇ ಅದು ಅಡಗಿರುತ್ತದೆ.

ಇಂಥ ಸಂಗೀತಕ್ಕೆ ಪಾಶ್ಚಾತ್ಯ ಸ್ವರಮೇಳವನ್ನು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಮೊಳಗಿಸುವ ಕಾರ್ಡ್ ಅನ್ನು, ಜೋಡಿಸುವುದು ಕಾಣುವಷ್ಟು ಸುಲಭವಲ್ಲ. ಐರಿಷ್ ಮಟ್ಟುಗಳಲ್ಲಿ ಅನೇಕವು ಯೂರೋಪಿನ ಶಾಸ್ತ್ರೀಯ ಸಂಗೀತದ ಮೇಜರ್, ಮೈನರ್ ಎಂಬ ಎರಡು ಚೌಕಟ್ಟುಗಳಲ್ಲಿ ನೇರವಾಗಿ ಕೂರುವುದಿಲ್ಲ. ಮಿಕ್ಸೊಲಿಡಿಯನ್, ಡೋರಿಯನ್ ಎಂದು ಕರೆಯುವ ಹಳೆಯ ಸ್ವರಶ್ರೇಣಿಗಳು ಅವುಗಳಲ್ಲಿ ಜೀವಂತವಾಗಿವೆ, ಕೆಲವೊಮ್ಮೆ ಒಂದೇ ಮಟ್ಟಿನಲ್ಲಿ ಒಂದೇ ಸ್ವರದ ಎರಡು ರೂಪಗಳು ಬಂದು ಹೋಗುತ್ತವೆ. ಗಿಟಾರ್‌ನಲ್ಲಿ ಪೂರ್ಣ ಸ್ವರಮೇಳವೊಂದನ್ನು ಒತ್ತಿ ಹಿಡಿದರೆ ಅದರೊಳಗಿನ ಗಾಂಧಾರ ಇದು ಮೇಜರ್ ಅಥವಾ ಇದು ಮೈನರ್ ಎಂದು ತೀರ್ಪು ಕೊಟ್ಟುಬಿಡುತ್ತದೆ, ಮಟ್ಟು ತನಗಾಗಿ ಕಾಯ್ದುಕೊಂಡಿದ್ದ ಅನಿಶ್ಚಿತ ಸೊಗಸು ಅಲ್ಲಿಗೇ ಮುಗಿಯುತ್ತದೆ. ಪಕ್ಕವಾದ್ಯವನ್ನು ಸಂಪ್ರದಾಯವಾದಿಗಳು ಅನುಮಾನದಿಂದ ನೋಡಿದ್ದಕ್ಕೆ ಇದು ನಿಜವಾದ, ಗೌರವಿಸಬೇಕಾದ ಕಾರಣ. ಅವರನ್ನು ಬರಿಯ ಮಡಿವಂತರೆಂದು ಬದಿಗೆ ಸರಿಸುವವರು ಸಂಗೀತದ ಈ ವಿವರವನ್ನು ಗಮನಿಸಿರುವುದಿಲ್ಲ.

ಬೂಜೂಕಿ ಎಂಬ ಉತ್ತರ

ಲನ್ನಿ ಹುಟ್ಟಿದ್ದು 1947ರಲ್ಲಿ, ಆಫಲಿ ಕೌಂಟಿಯ ಟಲಮೋರ್‌ನಲ್ಲಿ. ಬೆಳೆದದ್ದು ಕಿಲ್ಡೇರ್ ಕೌಂಟಿಯ ನ್ಯೂಬ್ರಿಜ್ ಊರಿನಲ್ಲಿ. ತಾಯಿಯ ಊರು ಡನಿಗಾಲ್ ಕೌಂಟಿಯ ರಾನಫಾಸ್ಟ್, ಐರಿಷ್ ಮನೆಮಾತಾಗಿರುವ ಮತ್ತು ಹಾಡುಗಳಿಗೆ ಹೆಸರಾದ ಪ್ರದೇಶ. ನ್ಯೂಬ್ರಿಜ್‌ನಲ್ಲಿ ಅವನ ಶಾಲೆಯ ಗೆಳೆಯನಾಗಿದ್ದವನು ಕ್ರಿಸ್ಟಿ ಮೂರ್, ಮುಂದೆ ಐರ್ಲೆಂಡಿನ ಅತ್ಯಂತ ಪ್ರಿಯ ಗಾಯಕರಲ್ಲಿ ಒಬ್ಬನಾದವನು. 1960ರ ದಶಕದ ನಡುವಿನಲ್ಲಿ ಕಲಾಶಾಲೆಗೆಂದು ಡಬ್ಲಿನ್‌ಗೆ ಹೋದ ಲನ್ನಿ, ಎಮೆಟ್ ಸ್ಪೈಸ್‌ಲ್ಯಾಂಡ್ ಎಂಬ ಗಾಯನತಂಡದ ಮೂಲಕ 1968ರಲ್ಲೇ ಜನಪ್ರಿಯತೆ ಕಂಡ. ಆ ತಂಡದ ಹಾಡೊಂದು ಐರಿಷ್ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೇರಿತ್ತು. ಆದರೆ ಅವನ ನಿಜವಾದ ಕಸುಬು ಆರಂಭವಾದದ್ದು 1971ರಲ್ಲಿ, ಕ್ರಿಸ್ಟಿ ಮೂರ್ ಕಿಲ್ಡೇರ್‌ನ ಪ್ರಾಸ್ಪರಸ್ ಹಳ್ಳಿಯಲ್ಲಿ ತನ್ನ ಆಲ್ಬಮ್ಮೊಂದನ್ನು ಧ್ವನಿಮುದ್ರಿಸಲು ಗೆಳೆಯರನ್ನು ಕರೆದಾಗ. ಅಲ್ಲಿ ಕೂಡಿದ ಮೂರ್, ಲನ್ನಿ, ಗಾಯಕ ಮತ್ತು ಮ್ಯಾಂಡೊಲಿನ್ ವಾದಕ ಆಂಡಿ ಅರ್ವೈನ್ ಮತ್ತು ಪೈಪ್ ವಾದಕ ಲಿಯಮ್ ಓಫ್ಲಿನ್ ಎಂಬ ನಾಲ್ವರು 1972ರಲ್ಲಿ ಪ್ಲ್ಯಾಂಕ್ಸ್ಟಿ ತಂಡವಾದರು.

ಗ್ರೀಸ್ ದೇಶದ ಉದ್ದ ಕತ್ತಿನ ತಂತಿವಾದ್ಯವಾದ ಬೂಜೂಕಿಯನ್ನು ಐರಿಷ್ ಸಂಗೀತಕ್ಕೆ 1960ರ ದಶಕದಲ್ಲಿ ತಂದವನು ಸ್ವೀನೀಸ್ ಮೆನ್ ತಂಡದ ಜಾನಿ ಮೊಯ್ನಿಹನ್. ಆ ವಾದ್ಯದ ಶ್ರುತಿಯನ್ನೇ ಬದಲಿಸಿ, ತಂತಿಗಳು ಪರಸ್ಪರ ಪಂಚಮ ಮತ್ತು ಮಧ್ಯಮದ ಅಂತರದಲ್ಲಿ ನಿಲ್ಲುವಂತೆ ಅವನು ಮಾಡಿಕೊಂಡ. ಅರ್ವೈನ್ ಮೂಲಕ ಅದು ಎಡಗೈ ವಾದಕನಾದ ಲನ್ನಿಯ ಕೈ ಸೇರಿತು. ಲನ್ನಿ ಅದನ್ನು ತನ್ನ ಕೈಗೆ ತಕ್ಕಂತೆ ತಂತಿ ಬದಲಿಸಿಕೊಂಡದ್ದಷ್ಟೇ ಅಲ್ಲ, ಇಂಗ್ಲೆಂಡಿನ ವಾದ್ಯತಯಾರಕ ಪೀಟರ್ ಅಬ್ನೆಟ್‌ನಿಂದ ಗ್ರೀಕ್ ಮಾದರಿಯ ಆಳವಾದ ಗುಂಡು ಬೆನ್ನಿಲ್ಲದ ಹೊಸ ವಾದ್ಯವನ್ನೇ ಮಾಡಿಸಿದ. ಗ್ರೀಕ್ ಬೂಜೂಕಿಯಲ್ಲಿ ತಗ್ಗು ಶ್ರುತಿಯ ಜೋಡಿ ತಂತಿಗಳು ಒಂದು ಸ್ಥಾಯಿಯ ಅಂತರದಲ್ಲಿ ಇರುತ್ತವೆ. ಲನ್ನಿ ಅವುಗಳನ್ನು ಒಂದೇ ಸ್ಥಾಯಿಗೆ ತಂದು ನಾದವನ್ನು ದಪ್ಪಗೊಳಿಸಿದ. ಇಂದು ಐರಿಷ್ ಬೂಜೂಕಿ ಎಂದು ಲೋಕದ ಎಲ್ಲೆಡೆ ಮಾರಾಟವಾಗುವ ವಾದ್ಯದ ಆಕಾರ ಬಹುಮಟ್ಟಿಗೆ ಇಲ್ಲಿಂದ ಬಂದದ್ದು.

ಮೇಲೆ ಹೇಳಿದ ಗಾಂಧಾರದ ಸಮಸ್ಯೆಗೆ ಈ ಶ್ರುತಿಯೇ ಉತ್ತರವಾಯಿತು. ಷಡ್ಜ ಮತ್ತು ಪಂಚಮ ಮಾತ್ರ ಮೊಳಗುವಂತೆ ಬೆರಳಿಟ್ಟು, ಗಾಂಧಾರವನ್ನು ಬೇಕಾದಾಗ ಮಾತ್ರ ಮುಟ್ಟಿ, ಉಳಿದಂತೆ ಅದನ್ನು ಮಟ್ಟಿಗೇ ಬಿಟ್ಟುಕೊಡಲು ಬೂಜೂಕಿಯಲ್ಲಿ ಸಾಧ್ಯವಾಗುತ್ತದೆ. ಬಲವಾದ ಆಧಾರನಾದ ಇದೆ, ಆದರೆ ತೀರ್ಪು ಇಲ್ಲ. ಅದರ ಮೇಲೆ ಲನ್ನಿ ಕೂಡಿಸಿದ್ದು ಮೀಟುವ ಕೈಯ ಲಯ. ಪ್ರತಿ ಪೆಟ್ಟಿಗೂ ಒಂದೇ ತೂಕ ಕೊಡದೆ, ಪಿಟೀಲಿನವನು ಎಲ್ಲಿ ಒತ್ತು ಕೊಡುತ್ತಾನೋ ಅಲ್ಲಿ ತಾನೂ ಒತ್ತಿ, ಅವನು ಜಾರಿದಲ್ಲಿ ತಾನು ಎದುರು ಒತ್ತು ಹಾಕಿ, ಒಂದು ಪುಟ್ಟ ಪ್ರತಿಮಟ್ಟನ್ನೇ ಹೆಣೆಯುತ್ತಿದ್ದ. ಪ್ಲ್ಯಾಂಕ್ಸ್ಟಿಯ 1973ರ ಮೊದಲ ಆಲ್ಬಮ್ಮಿನಲ್ಲಿ ಅರ್ವೈನ್‌ನ ಮ್ಯಾಂಡೊಲಿನ್ ಮತ್ತು ಲನ್ನಿಯ ಬೂಜೂಕಿ ಒಂದರ ಎಳೆಯೊಳಗೆ ಇನ್ನೊಂದು ಹೊಕ್ಕು ಸಾಗುವುದನ್ನು ಕೇಳಿದವರಿಗೆ, ಇದು ಹಾಡಿನ ಹಿಂದೆ ಬಡಿಯುವ ಗಿಟಾರ್ ಅಲ್ಲ, ಹಾಡಿನ ಒಡಲಿನಿಂದಲೇ ಎದ್ದ ಇನ್ನೊಂದು ದನಿ ಎಂಬುದು ಕೂಡಲೇ ತಿಳಿಯುತ್ತದೆ. ಈ ಸಣ್ಣ ತಂತ್ರವೇ ಅವನ ಎಲ್ಲ ಕೃತಿಗಳ ಬೀಜ ಎಂದು ನಾನು ನಂಬಿದ್ದೇನೆ.

ಪ್ಲ್ಯಾಂಕ್ಸ್ಟಿ ಯಶಸ್ಸಿನ ತುದಿಯಲ್ಲಿದ್ದಾಗ, 1973ರಲ್ಲೇ, ಲನ್ನಿ ಅದನ್ನು ಬಿಟ್ಟ. ಮುಂದೆ ಕಟ್ಟಿದ ಬಾಥಿ ಬ್ಯಾಂಡ್ ಅವನ ಎರಡನೆಯ ಪ್ರಯೋಗಶಾಲೆ. ಪ್ಯಾಡಿ ಕೀನನ್‌ನ ಪೈಪ್, ಮ್ಯಾಟ್ ಮಲಾಯ್‌ನ ಕೊಳಲು, ಮೊದಲು ಟಾಮಿ ಪೀಪಲ್ಸ್ ಮತ್ತು ಅನಂತರ ಕೆವಿನ್ ಬರ್ಕ್‌ನ ಪಿಟೀಲು ಮುಂದಿನ ಸಾಲಾದರೆ, ಮೀಹಾಲ್ ಓ ಡೋನಲ್‌ನ ಗಿಟಾರ್, ಅವನ ತಂಗಿ ಟ್ರೀನಾಳ ಕ್ಲ್ಯಾವಿನೆಟ್ ಎಂಬ ವಿದ್ಯುತ್ ಕೀಲಿಮಣೆ ಮತ್ತು ಲನ್ನಿಯ ಬೂಜೂಕಿ ಹಿಂದಿನ ಸಾಲು. ಆ ತಂಡದಲ್ಲಿ ಡ್ರಮ್ಸ್ ಇರಲಿಲ್ಲ, ಬೇಸ್ ಗಿಟಾರ್ ಕೂಡ ಇರಲಿಲ್ಲ. ಆದರೂ 1975ರಿಂದ 1979ರವರೆಗೆ ಹೊರಬಂದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳಿಸುವ ನೂಕು ಯಾವ ರಾಕ್ ತಂಡಕ್ಕೂ ಕಡಿಮೆಯದಲ್ಲ. ರಾಕ್‌ನ ಶಕ್ತಿಗೆ ರಾಕ್‌ನ ಸಾಮಗ್ರಿ ಬೇಕೇಬೇಕೆಂದಿಲ್ಲ ಎಂಬುದನ್ನು ಹೀಗೆ ತೋರಿಸಿಕೊಟ್ಟವನೇ ಮುಂದೆ ಆ ಸಾಮಗ್ರಿಯನ್ನೂ ಕೈಗೆತ್ತಿಕೊಂಡನೆಂಬುದು ಈ ಪ್ರಕರಣದ ಮುಖ್ಯ ತಿರುವು.

1981ರ ನಿರ್ಧಾರ

ಐರ್ಲೆಂಡಿನಲ್ಲಿ ರಾಕ್ ಮತ್ತು ಸಂಪ್ರದಾಯವನ್ನು ಬೆಸೆದ ಮೊದಲಿಗರು ಮೂವಿಂಗ್ ಹಾರ್ಟ್ಸ್ ತಂಡದವರಲ್ಲ. ಹಾರ್ಸ್‌ಲಿಪ್ಸ್ ತಂಡ 1973ರಲ್ಲಿ ತಾಯ್ನ್ ಎಂಬ ಪ್ರಾಚೀನ ವೀರಗಾಥೆಯನ್ನು ಆಧರಿಸಿ ಇಡೀ ಆಲ್ಬಮ್ಮನ್ನೇ ಮಾಡಿತ್ತು. ಹಳೆಯ ಮೆರವಣಿಗೆಯ ಮಟ್ಟೊಂದನ್ನು ಎಲೆಕ್ಟ್ರಿಕ್ ಗಿಟಾರ್‌ನ ಪುನರಾವರ್ತಿತ ಸ್ವರಗುಚ್ಛವಾಗಿಸಿ, ಅದರ ಮೇಲೆ ಪೂರ್ತಿ ರಾಕ್ ಹಾಡನ್ನು ಕಟ್ಟುವುದು ಅವರ ಬಗೆ. ಅದು ಧೈರ್ಯದ, ಸೊಗಸಾದ ಕೆಲಸ. ಆದರೆ ಅಲ್ಲಿ ನೆಲ ರಾಕ್‌ನದು, ಬೀಜ ಮಾತ್ರ ಸಂಪ್ರದಾಯದ್ದು. ಲನ್ನಿಗೆ ಬೇಕಾಗಿದ್ದದ್ದು ಬೇರೆ: ರೀಲ್ ರೀಲ್ ಆಗಿಯೇ ಉಳಿಯಬೇಕು, ಪೈಪ್ ವಾದಕ ತನ್ನ ಗಮಕಗಳಲ್ಲಿ ಒಂದನ್ನೂ ಬಿಟ್ಟುಕೊಡಬಾರದು, ಆದರೂ ಕೆಳಗೆ ಬೇಸ್ ಮತ್ತು ಡ್ರಮ್ಸ್ ಪೂರ್ಣ ಬಲದಿಂದ ನಡೆಯಬೇಕು.

ಹೊತ್ತೂ ಅಂಥದ್ದೇ ಆಗಿತ್ತು. 1979ರಲ್ಲಿ ಮತ್ತೆ ಕೂಡಿದ್ದ ಪ್ಲ್ಯಾಂಕ್ಸ್ಟಿ 1981ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ನಡೆದ ಯೂರೋವಿಷನ್ ಗೀತಸ್ಪರ್ಧೆಯ ನಡುವಿನ ಬಿಡುವಿಗೆ, ಬಿಲ್ ವೀಲನ್ ಮತ್ತು ಲನ್ನಿ ಸೇರಿ ರಚಿಸಿದ ಟೈಮ್‌ಡಾನ್ಸ್ ಎಂಬ ಕೃತಿಯನ್ನು ನುಡಿಸಿತು. ಹದಿಮೂರು ವರ್ಷಗಳ ಅನಂತರ ಅದೇ ಸ್ಪರ್ಧೆಯ ಬಿಡುವಿನಲ್ಲಿ ವೀಲನ್‌ ಸಂಗೀತ ರಚಿಸಿದ ರಿವರ್‌ಡಾನ್ಸ್ ಎಂಬ ನೃತ್ಯಪ್ರದರ್ಶನ ಲೋಕಪ್ರಸಿದ್ಧವಾದದ್ದು ಎಲ್ಲರಿಗೂ ಗೊತ್ತು, ಅದರ ಹಿಂದಿನ ಈ ಮೆಟ್ಟಿಲನ್ನು ನೆನೆಯುವವರು ಕಡಿಮೆ. ಅದೇ ವಸಂತದಲ್ಲಿ ಉತ್ತರ ಐರ್ಲೆಂಡಿನ ಜೈಲಿನಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ವಿರೋಧಿಸುವ ರಿಪಬ್ಲಿಕನ್ ಕೈದಿಗಳ ಉಪವಾಸ ಸತ್ಯಾಗ್ರಹ ನಡೆಯುತ್ತಿತ್ತು. ಮೇ 5ರಂದು ಅವರಲ್ಲೊಬ್ಬನಾದ ಬಾಬಿ ಸ್ಯಾಂಡ್ಸ್ ಸತ್ತ, ಆ ವರ್ಷ ಒಟ್ಟು ಹತ್ತು ಮಂದಿ ಹೀಗೆ ಪ್ರಾಣ ಬಿಟ್ಟರು. ಅದಕ್ಕೂ ಮುಂಚೆ, 1970ರ ದಶಕದ ಕೊನೆಯಲ್ಲಿ, ಕಾರ್ನ್ಸೋರ್ ಪಾಯಿಂಟ್‌ನಲ್ಲಿ ಅಣು ವಿದ್ಯುತ್ ಸ್ಥಾವರ ಬೇಡವೆಂದು ನಡೆದ ಚಳವಳಿಯಲ್ಲಿ ಕ್ರಿಸ್ಟಿ ಮೂರ್ ಮುಂಚೂಣಿಯಲ್ಲಿ ಹಾಡಿದ್ದ. ಸಿಟ್ಟು, ದುಃಖ, ನಿರುದ್ಯೋಗಗಳು ತುಂಬಿದ ಆ ಕಾಲಕ್ಕೆ ಮೆಲುದನಿಯ ಜಾನಪದ ತಂಡ ಸಾಲದೆಂದು ಮೂರ್ ಮತ್ತು ಲನ್ನಿ ಇಬ್ಬರಿಗೂ ತೋರಿತು.

ಹೀಗೆ ಹಾರ್ಸ್‌ಲಿಪ್ಸ್ ತಂಡದ ಆರಂಭದ ದಿನಗಳಲ್ಲಿ ಅಲ್ಲಿದ್ದ ಗಿಟಾರ್ ವಾದಕ ಡೆಕ್ಲನ್ ಸಿನಾಟ್, ಬೇಸ್ ವಾದಕ ಓವನ್ ಓನೀಲ್, ಡ್ರಮ್ಸ್‌ಗೆ ಬ್ರಯನ್ ಕ್ಯಾಲ್ನನ್, ಸ್ಯಾಕ್ಸೊಫೋನ್‌ಗೆ ಕೀತ್ ಡೊನಾಲ್ಡ್, ಪೈಪ್‌ಗೆ ಇಪ್ಪತ್ತರ ಆಸುಪಾಸಿನ ಡೇವಿ ಸ್ಪಿಲೇನ್ ಬಂದು ಸೇರಿದರು. ಡಬ್ಲಿನ್‌ನ ಬ್ಯಾಗಟ್ ಇನ್ ಎಂಬ ಪಬ್ಬಿನಲ್ಲಿ ಅವರು ನಿಯಮಿತವಾಗಿ ನುಡಿಸತೊಡಗಿದರು, ಜನ ಕಿಕ್ಕಿರಿದರು. ಅದೇ ವರ್ಷ ಹೊರಬಂದ ಮೊದಲ ಆಲ್ಬಮ್ ಐರ್ಲೆಂಡಿನಲ್ಲಿ ಪ್ರಥಮ ಸ್ಥಾನಕ್ಕೇರಿತು.

ಪೈಪ್ ಮತ್ತು ಡ್ರಮ್ಸ್ ಒಂದೇ ವೇದಿಕೆಯಲ್ಲಿ

ಇಲಿನ್ ಪೈಪನ್ನು ಬಾಯಿಂದ ಊದುವುದಿಲ್ಲ. ಒಂದು ಮೊಣಕೈ ಅಡಿಯ ತಿದಿಯಿಂದ ಗಾಳಿ ತುಂಬಿ, ಇನ್ನೊಂದು ತೋಳಿನ ಅಡಿಯ ಚೀಲವನ್ನು ಒತ್ತಿ, ಕುಳಿತುಕೊಂಡೇ ನುಡಿಸುವ ವಾದ್ಯ ಅದು. ಚಾಂಟರ್ ಎಂಬ ನಳಿಕೆಯಲ್ಲಿ ಎರಡು ಸ್ಥಾಯಿಗಳಷ್ಟು ಸ್ವರ ಹೊರಡುತ್ತದೆ, ಜೊತೆಗೆ ಮೂರು ನಳಿಕೆಗಳು ಸತತವಾಗಿ ಶ್ರುತಿ ಹಿಡಿಯುತ್ತವೆ, ರೆಗ್ಯುಲೇಟರ್ ಎಂಬ ಕೀಲಿಗಳುಳ್ಳ ನಳಿಕೆಗಳನ್ನು ಮಣಿಕಟ್ಟಿನಿಂದ ಒತ್ತಿ ಸ್ವರಮೇಳ ತೆಗೆಯಬಹುದು. ಎಲ್ಲಕ್ಕೂ ಪ್ರಾಣವಾದದ್ದು ಬೆತ್ತದಂಥ ಒಣ ಜೊಂಡಿನ ರೀಡ್, ಗಾಳಿಗೆ ಕಂಪಿಸಿ ನಾದ ಹೊರಡಿಸುವ ತೆಳು ನಾಲಿಗೆ. ಕೋಣೆಯ ತೇವ ಮತ್ತು ಬಿಸಿ ಏರಿಳಿದಂತೆ ಅದರ ಶ್ರುತಿಯೂ ಏರಿಳಿಯುತ್ತದೆ. ಹೊಗೆ, ಬೆವರು, ದೀಪಗಳ ಕಾವು ತುಂಬಿದ ಪಬ್ಬಿನ ವೇದಿಕೆಯಲ್ಲಿ, ಎಂದೂ ಶ್ರುತಿ ಬದಲಿಸದ ಸಿಂಥಸೈಜರ್‌ನ ಪಕ್ಕದಲ್ಲಿ ಇಂಥ ವಾದ್ಯವನ್ನು ಪ್ರತಿ ರಾತ್ರಿ ನುಡಿಸುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಮೈಕಿನಲ್ಲಿ ಪೈಪ್‌ನ ದನಿ ಎತ್ತಿದರೆ ಡ್ರಮ್ಸ್‌ನ ಸದ್ದೂ ಅದರೊಳಗೆ ನುಗ್ಗುತ್ತದೆ. ತಗ್ಗಿಸಿದರೆ ಗಮಕಗಳು ಮುಳುಗುತ್ತವೆ.

ಈ ಬಿಕ್ಕಟ್ಟಿಗೆ ತಂಡ ಕಂಡುಕೊಂಡ ದಾರಿ ಕೇವಲ ತಾಂತ್ರಿಕವಾಗಿರಲಿಲ್ಲ, ಸಂಯೋಜನೆಯ ದಾರಿಯೂ ಆಗಿತ್ತು. ಪೈಪ್ ಮತ್ತು ಸ್ಯಾಕ್ಸೊಫೋನ್ ಎರಡೂ ರೀಡ್ ವಾದ್ಯಗಳು, ಎರಡರ ನಾದಕ್ಕೂ ಒಂದು ಬಗೆಯ ಒರಟು ಅಂಚಿದೆ. ಅವೆರಡನ್ನೂ ಒಂದೇ ಮಟ್ಟಿನಲ್ಲಿ ಜೊತೆಯಾಗಿ ನುಡಿಸಿದಾಗ ಪೈಪ್‌ನ ಸ್ವರಕ್ಕೆ ತೂಕ ಬಂದು, ಅದು ಗಿಟಾರ್ ಸಾಲಿನ ಎದುರು ನಿಲ್ಲುವಷ್ಟು ದಪ್ಪವಾಯಿತು. ಇನ್ನು ಎಲೆಕ್ಟ್ರಿಕ್ ಬೂಜೂಕಿ ಹಿಡಿದ ಲನ್ನಿ ತಂಡದ ಎರಡು ಬಣಗಳ ನಡುವೆ ದುಭಾಷಿಯಂತೆ ಕುಳಿತಿದ್ದ. ರೀಲ್‌ನ ಒಳ ಒತ್ತುಗಳು ಎಲ್ಲಿ ಬೀಳುತ್ತವೆಂಬುದನ್ನು ಬೂಜೂಕಿಯ ಮೀಟಿನಲ್ಲಿ ಸ್ಪಷ್ಟಪಡಿಸಿದರೆ, ಬೇಸ್ ಮತ್ತು ಡ್ರಮ್ಸ್ ವಾದಕರು ಎರಡು ಮತ್ತು ನಾಲ್ಕನೆಯ ಪೆಟ್ಟಿಗೆ ಬಡಿಯುವ ರಾಕ್‌ನ ರೂಢಿಗೆ ಬೀಳದೆ ಆ ಒತ್ತುಗಳನ್ನೇ ಹಿಂಬಾಲಿಸಬಹುದಿತ್ತು. ಪ್ಲ್ಯಾಂಕ್ಸ್ಟಿಯಲ್ಲಿ ಕಲಿತದ್ದನ್ನೇ ಅವನು ಇಲ್ಲಿ ಮುಂದುವರಿಸಿದ, ವ್ಯತ್ಯಾಸವೆಂದರೆ ಈಗ ಆ ಲಯವನ್ನು ಹೊತ್ತವನು ಅವನೊಬ್ಬನೇ ಅಲ್ಲ, ಒಂದು ಇಡೀ ತಾಳವಾದ್ಯದ ಸಾಲು.

ಎಲ್ಲ ಕಡೆಯೂ ಇದು ಸಮನಾಗಿ ಗೆದ್ದಿತೆಂದು ಹೇಳಲಾರೆ. ಮೊದಲ ಎರಡು ಆಲ್ಬಮ್ಮುಗಳಲ್ಲಿ ಹಾಡುಗಳದೇ ಮೇಲುಗೈ. ಅಣುಬಾಂಬ್, ಜಮೀನ್ದಾರಿ, ಸೆರೆಮನೆ ಕುರಿತ ಆ ಹಾಡುಗಳಲ್ಲಿ ಹಲವು ಬೇರೆಯವರು ಬರೆದ ಸಮಕಾಲೀನ ರಚನೆಗಳು. ಕ್ರಿಸ್ಟಿ ಮೂರ್‌ನ ದನಿಯಲ್ಲಿ ಅವುಗಳಿಗೆ ಬಂದ ಬಿಸಿ ಇಂದಿಗೂ ಆರಿಲ್ಲ. ಆದರೆ ಹಾಡಿನ ಸಾಲುಗಳ ನಡುವೆ ಪೈಪ್ ಅನೇಕ ಸಲ ಬಣ್ಣ ಕೊಡುವ ವಾದ್ಯವಾಗಿ ಮಾತ್ರ ಉಳಿಯುತ್ತದೆ. ತಂಡದ ನಿಜವಾದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಾಡಿಲ್ಲದ ಕೃತಿಗಳಲ್ಲಿ.

ಸಮಪಾಲಿನ ಲೆಕ್ಕ

ತಂಡ ಸಹಕಾರಿ ತತ್ವದ ಮೇಲೆ ನಡೆಯುತ್ತಿತ್ತು. ಹೆಸರಾಂತ ಗಾಯಕನಿಗೂ ಧ್ವನಿ ವ್ಯವಸ್ಥೆ ನೋಡಿಕೊಳ್ಳುವ ಸಹಾಯಕನಿಗೂ ಒಂದೇ ಪಾಲು ಎಂಬುದು ಅವರು ಹಾಡಿನಲ್ಲಿ ಹೇಳುತ್ತಿದ್ದ ಮಾತಿಗೆ ಬದ್ಧವಾದ ನಡತೆ, ಅದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಆದರೆ ಇಷ್ಟು ದೊಡ್ಡ ತಂಡ, ಅದರ ಧ್ವನಿವರ್ಧಕ, ದೀಪ, ಸಾಗಣೆಗಳ ಖರ್ಚನ್ನು ಐರ್ಲೆಂಡಿನಂಥ ಸಣ್ಣ ದೇಶದ ಸಭಾಂಗಣಗಳ ಟಿಕೆಟ್ ಹಣ ಹೊರಲಾರದಾಯಿತು. 1982ರಲ್ಲಿ ಎರಡನೆಯ ಆಲ್ಬಮ್ಮಿನ ಬಳಿಕ ಮೂರ್ ತನ್ನ ಒಂಟಿ ಗಾಯನಕ್ಕೆ ಮರಳಿದ. ಅವನ ಜಾಗಕ್ಕೆ ಮಿಕ್ ಹ್ಯಾನ್ಲಿ, ಅನಂತರ ಫ್ಲೋ ಮಕ್‌ಸ್ವೀನಿ ಬಂದರೂ, ಹೊರಗಿನ ಜನ ತಂಡವನ್ನು ಮೂರ್‌ನ ಮುಖದಿಂದ ಗುರುತಿಸುವುದು ತಪ್ಪಲಿಲ್ಲ. ಸಾಲ ಬೆಳೆಯಿತು.

ಈ ನಡುವೆ ಲನ್ನಿ ಬೇರೆ ಕಡೆಯೂ ಕೆಲಸ ಮಾಡುತ್ತಲೇ ಇದ್ದ. ಇಂಗ್ಲಿಷ್ ಗಾಯಕಿ ಕೇಟ್ ಬುಷ್‌ಳ 1982ರ ಆಲ್ಬಮ್ಮಿನ ಒಂದು ಹಾಡಿಗೆ ಡಬ್ಲಿನ್‌ನಲ್ಲಿ ಲಿಯಮ್ ಓಫ್ಲಿನ್ ಮತ್ತು ಪಿಟೀಲುವಾದಕ ಷಾನ್ ಕೀನ್‌ರೊಂದಿಗೆ ಬೂಜೂಕಿ ನುಡಿಸಿದ. 1985 ಮತ್ತು 1989ರ ಅವಳ ಆಲ್ಬಮ್ಮುಗಳಲ್ಲೂ ಅವನ ಕೈ ಕೇಳಿಸುತ್ತದೆ.

ದ ಸ್ಟಾರ್ಮ್

1985ರಲ್ಲಿ ತಾರಾ ರೆಕಾರ್ಡ್ಸ್ ಮೂಲಕ ಬಂದ ದ ಸ್ಟಾರ್ಮ್ ಆಲ್ಬಮ್ಮಿನಲ್ಲಿ ಹಾಡಿಲ್ಲ. ಗಾಯಕರಿಲ್ಲದಿರುವುದು ಕೊರತೆಯಾಗದೆ ಬಿಡುಗಡೆಯಾದದ್ದು ಇಲ್ಲಿ. ಸ್ಪಿಲೇನ್ ಜೊತೆಗೆ ಡೆಕ್ಲನ್ ಮ್ಯಾಸ್ಟರ್ಸನ್ ಎಂಬ ಎರಡನೆಯ ಪೈಪ್ ವಾದಕನೂ, ತಾಳವಾದ್ಯಗಳಿಗೆ ನೋಯೆಲ್ ಎಕಲ್ಸ್ ಕೂಡ ಇದ್ದಾರೆ. ಆರಂಭದಲ್ಲೇ ಬರುವ ಮಟ್ಟುಗಳ ದೀರ್ಘ ಮಾಲೆಯಲ್ಲಿ ಒಂದು ಮಟ್ಟಿನಿಂದ ಇನ್ನೊಂದಕ್ಕೆ ದಾಟುವಾಗ ಬರಿಯ ಸ್ವರ ಬದಲಾಗುವುದಿಲ್ಲ, ಇಡೀ ತಂಡದ ನೆಲೆಯೇ ಬದಲಾಗುತ್ತದೆ. ಒಮ್ಮೆ ಬೇಸ್ ಗಿಟಾರ್ ಸರಿದು ಪೈಪ್ ಒಂಟಿಯಾಗುತ್ತದೆ, ಮತ್ತೊಮ್ಮೆ ಸ್ಯಾಕ್ಸೊಫೋನ್ ಮಟ್ಟನ್ನು ಬಿಟ್ಟು ಎತ್ತರದಲ್ಲಿ ತೂಗುತ್ತದೆ, ಡ್ರಮ್ಸ್ ಮರಳಿದಾಗ ಮಟ್ಟಿನ ವೇಗ ಹೆಚ್ಚಿಲ್ಲದಿದ್ದರೂ ಹೆಚ್ಚಿದಂತೆ ಕೇಳುತ್ತದೆ. ಡನಿಗಾಲ್‌ನ ಸಮಾಜವಾದಿ ಲೇಖಕ ಪೀಡರ್ ಓಡಾನೆಲ್ ಗೌರವಾರ್ಥವಾಗಿ ಲನ್ನಿ ರಚಿಸಿದ ನಿಧಾನಗತಿಯ ಕೃತಿಯಲ್ಲಿ ಪೈಪ್ ಹಾಡುಗಾರನ ಉಸಿರಿನಂತೆ ಎಳೆದು ನಿಲ್ಲುತ್ತದೆ, ಹಿಂದಿನ ಸ್ವರಮೇಳಗಳು ಅದಕ್ಕೆ ದಾರಿ ಬಿಟ್ಟು ಕಾಯುತ್ತವೆ. ಐರಿಷ್ ಸಂಗೀತದಲ್ಲಿ ರಾಕ್ ಮತ್ತು ಸಂಪ್ರದಾಯ ಒಂದಾದ ಧ್ವನಿಮುದ್ರಿಕೆಗಳಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕೇಳಿಲ್ಲ. ಅದು ಹೊರಬಂದಾಗ ತಂಡ ಮುಗಿಯುವ ಹಂತದಲ್ಲಿತ್ತು ಎಂಬುದು ಮನಸ್ಸಿಗೆ ನೋವು ತರುವ ಸಂಗತಿ.

ಪರಿಣಾಮ

ಈ ಪ್ರಕರಣದ ಫಲಿತವನ್ನು ತೂಗುವಾಗ ಎರಡು ಬೇರೆ ಬೇರೆ ಲೆಕ್ಕಗಳನ್ನು ಇಡಬೇಕಾಗುತ್ತದೆ. ಮೂವಿಂಗ್ ಹಾರ್ಟ್ಸ್ ಮಾದರಿಯ ಬೃಹತ್ ವಿದ್ಯುತ್ ತಂಡ ಐರಿಷ್ ಸಾಂಪ್ರದಾಯಿಕ ಸಂಗೀತದ ಸಾಮಾನ್ಯ ರೂಪವಾಗಲಿಲ್ಲ. ಪಬ್ಬುಗಳ ಮೂಲೆಯಲ್ಲಿ ನಡೆಯುವ ಸೆಷನ್ ಎಂಬ ಅನೌಪಚಾರಿಕ ವಾದನಕೂಟಗಳಿಗೆ ಡ್ರಮ್ಸ್ ಬರಲಿಲ್ಲ, ಪೈಪ್ ವಾದಕರು ಸ್ಯಾಕ್ಸೊಫೋನ್ ಜೊತೆ ಕೂರುವುದು ವಾಡಿಕೆಯಾಗಲಿಲ್ಲ. ಆದರೆ ಪೈಪ್ ಯಾವ ಸಂಗೀತದ ಪಕ್ಕದಲ್ಲೂ ತಲೆಯೆತ್ತಿ ನಿಲ್ಲಬಲ್ಲ ವಾದ್ಯವೆಂಬುದು ಅನಂತರ ಯಾರಿಗೂ ಸಂಶಯವಾಗಿ ಉಳಿಯಲಿಲ್ಲ. ಸ್ಪಿಲೇನ್ ಅದನ್ನು ಚಲನಚಿತ್ರ ಮತ್ತು ಜನಪ್ರಿಯ ಸಂಗೀತದ ಧ್ವನಿಮುದ್ರಣಗಳಿಗೆ ಒಯ್ದ. ಲನ್ನಿ 1991ರಲ್ಲಿ ಬಿಬಿಸಿ ಮತ್ತು ಐರ್ಲೆಂಡಿನ ಪ್ರಸಾರ ಸಂಸ್ಥೆ ಆರ್‌ಟಿಇ ಸೇರಿ ಪ್ರಸಾರ ಮಾಡಿದ ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್ ಸರಣಿಯ ಸಂಗೀತದ ಹೊಣೆ ಹೊತ್ತು, ಐರಿಷ್ ಮಟ್ಟುಗಳು ಅಟ್ಲಾಂಟಿಕ್ ದಾಟಿ ಅಮೆರಿಕದ ಸಂಗೀತವಾಗಿ ಹಿಂದಿರುಗಿದ ಕಥೆಯನ್ನು ಎರಡೂ ಕಡೆಯ ವಾದಕರನ್ನು ಕೂಡಿಸಿ ಕೇಳಿಸಿದ.

ಲನ್ನಿ ತನ್ನ ಪ್ರಶ್ನೆಯನ್ನೂ ಬಿಡಲಿಲ್ಲ. 1998ರ ಕೂಲ್‌ಫಿನ್ ತಂಡದಲ್ಲಿ ನೊಲಗ್ ಕೇಸಿಯ ಪಿಟೀಲು, ಷರನ್ ಷ್ಯಾನನ್‌ಳ ಅಕಾರ್ಡಿಯನ್, ಜಾನ್ ಮಕ್‌ಷೆರಿಯ ಪೈಪ್ ಜೊತೆ ಡ್ರಮ್ಸ್ ಮರಳಿತು, ಆದರೆ ಈ ಸಲ ಹೆಚ್ಚು ಹಗುರಾಗಿ. 2002ರಲ್ಲಿ ಆಂಡಿ ಅರ್ವೈನ್ ಜೊತೆ ಕಟ್ಟಿದ ಮೊಜಾಯಿಕ್ ತಂಡದಲ್ಲಿ ಡ್ರಮ್ಸ್ ಪೂರ್ತಿ ಹೊರಟುಹೋಯಿತು. ಅಲ್ಲಿ ಹಂಗೇರಿಯ ನಿಕೊಲಾ ಪಾರೊವ್, ಅಮೆರಿಕದ ಬ್ರೂಸ್ ಮೋಲ್ಸ್ಕಿ, ನೆದರ್ಲೆಂಡ್ಸ್‌ನ ರೆನ್ಸ್ ವಾನ್ ಡೆರ್ ಜಾಲ್ಮ್ ಜೊತೆ ಬಾಲ್ಕನ್ ದೇಶಗಳ ಏಳು, ಹನ್ನೊಂದು ಅಕ್ಷರಗಳ ವಿಷಮ ನಡೆಗಳನ್ನು ತಂತಿವಾದ್ಯಗಳೇ ಹೊತ್ತವು. 2004ರಲ್ಲಿ ಮೂಲ ಪ್ಲ್ಯಾಂಕ್ಸ್ಟಿ ಮತ್ತೆ ವೇದಿಕೆಗೆ ಬಂದಾಗಲೂ, 2007ರಲ್ಲಿ ಮೂವಿಂಗ್ ಹಾರ್ಟ್ಸ್ ಡಬ್ಲಿನ್‌ನ ವಿಕರ್ ಸ್ಟ್ರೀಟ್ ಸಭಾಂಗಣದಲ್ಲಿ ಮರಳಿ ನುಡಿಸಿದಾಗಲೂ ಜನ ತುಂಬಿದ್ದರು. ಎರಡು ತಂಡಗಳಿಗೂ ಅವನೇ ಕೊಂಡಿ, ಎರಡರಲ್ಲೂ ಅವನ ಕುರ್ಚಿ ಬದಿಯಲ್ಲಿತ್ತು.

ಇನ್ನೊಂದು ಲೆಕ್ಕ ಬೂಜೂಕಿಯದು. ಅದಕ್ಕಾಗಿ ಯಾವ ಘೋಷಣೆಯೂ ಆಗಲಿಲ್ಲ, ಯಾವ ಸಾಲವೂ ಬೆಳೆಯಲಿಲ್ಲ. ಇಂದು ಗಾಲ್ವೆಯಲ್ಲಾಗಲಿ ಬಾಸ್ಟನ್‌ನಲ್ಲಾಗಲಿ ಐರಿಷ್ ಸೆಷನ್ ನಡೆಯುವಲ್ಲಿ ಬೂಜೂಕಿ ಹಿಡಿದು ಕುಳಿತವರು ಗಾಂಧಾರವನ್ನು ಮಟ್ಟಿಗೇ ಬಿಟ್ಟು, ಪಿಟೀಲಿನ ಒತ್ತಿಗೆ ತಮ್ಮ ಒತ್ತನ್ನು ಹೊಂದಿಸಿ ನುಡಿಸುತ್ತಾರೆ. ಅವರಲ್ಲಿ ಅನೇಕರು ಆ ವಾದ್ಯ ಐರ್ಲೆಂಡಿಗೆ ಬಂದದ್ದು 1960ರ ದಶಕದಲ್ಲಷ್ಟೇ ಎಂದು ತಿಳಿಯದಷ್ಟು ಸಹಜವಾಗಿ ಅದು ಸಂಪ್ರದಾಯದ ಒಳಗೆ ಸೇರಿದೆ.